ನಾನು ಕರಾಟೆ ಡಿಪ್ಲೊಮಾ ಪರೀಕ್ಷೆ ಕಟ್ಟಿದ್ದು

ನಂಬುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಶಹಾಪುರದ ನಿಲ್ದಾಣದಲ್ಲಿ ಯಾದಗಿರಿಯ ಬೋರ್ಡು ಹಾಕಿಕೊಂಡು ನಿಂತ ಬಸ್ಸನ್ನು ಕಂಡರೂ ನಾನು ಮೊದಲು ಕಂಡಕ್ಟರನನ್ನು ಕೇಳುತ್ತೇನೆ. ಅವನು ಹೌದೆಂದರೆ ಡ್ರೈವರನನ್ನು ಕೇಳುತ್ತೇನೆ. ಇಬ್ಬರೂ ಮೊದಲೇ ಮಾತಾಡಿಕೊಂಡಿರಬಹುದೆಂದು ಕಿಟಕಿ ಪಕ್ಕದ ಮುದುಕಿಯನ್ನೂ ಕೇಳಿಯೇ ಹತ್ತುತ್ತೇನೆ. ಭೀಮಾ ಹೊಳೆಯ ಸೇತುವೆ ದಾಟುವತನಕ ಸೀಟಿನ ತುದಿಯಲ್ಲೇ ಕೂತಿರುತ್ತೇನೆ. ನಾನು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಾಗಲೂ ‘ಇವ ಯಾವನು’ ಎಂಬಂತೆ ನೋಡುತ್ತೇನೆಂದು ನನ್ನ ಹೆಂಡತಿ ಗಿರಿಜಾ ಬಂದವರಿಗೆಲ್ಲ ಹೇಳುತ್ತಾಳೆ. ತಪ್ಪು ನನ್ನದಲ್ಲ, ನೌಕರಿಯದು. ಕಾಲೇಜೊಂದರ ಆಫೀಸಿನಲ್ಲಿ, ಪ್ರವೇಶಕ್ಕೆ ಬಂದವರ ಸರ್ಟಿಫಿಕೇಟುಗಳನ್ನು ತಪಾಸಣೆ ಮಾಡುವವನು ನಾನು. ಹುಟ್ಟುವ ಮೊದಲೇ ಎಸ್ಸೆಸ್ಸೆಲ್ಸಿ ಪಾಸಾದವರು, ಇನ್ನೂ ಪಾಯವನ್ನೇ ತೋಡದ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದವರು, ಎಲ್ಲರೂ ನನ್ನ ಮೇಜಿನ ಮುಂದೆ ಹಾದುಹೋಗಿದ್ದಾರೆ. ಇಂಥವರನ್ನು ಕಂಡಮೇಲೆ ಮನುಷ್ಯ ಬಸ್ಸಿನ ಬೋರ್ಡನ್ನು ಹೇಗೆ ನಂಬಿಯಾನು, ನೀವೇ ಹೇಳಿ.

ಇಂಥವನ ಮನೆಯಲ್ಲಿ ಹುಟ್ಟಿದ ಮಗಳು ಲೀಲಾ ಕರಾಟೆ ಕಲಿತಳು. ಸುರಪುರದಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುವಾಗ ಚಾಂದ್ ಉಸ್ತಾದರ ತಾಲೀಮಿಗೆ ಹೋಗುತ್ತಿದ್ದಳು. ತಾಲೀಮು ಎಂದರೆ ನಮ್ಮ ಕಡೆಯ ಗರಡಿಮನೆ. ಒಳಗೆ ಕೆಂಪು ಮಣ್ಣಿನಲ್ಲಿ ಹುಡುಗರ ಕುಸ್ತಿ, ಹೊರಗೆ ಫರಸಿ ಕಲ್ಲಿನ ನೆಲದ ಮೇಲೆ ಹುಡುಗಿಯರ ಕರಾಟೆ. ಕಲಿಸಲು ನಿಮಗೇನು ಅರ್ಹತೆ ಇದೆ ಎಂದು ಉಸ್ತಾದರನ್ನು ಒಮ್ಮೆ ಮರ್ಯಾದೆಯಿಂದಲೇ ಕೇಳಿದ್ದೆ. ಅವರು ಟೋಪಿ ಸರಿಸಿ, ಕುಸ್ತಿಯಲ್ಲಿ ಮುದುಡಿಹೋದ ತಮ್ಮ ಕಿವಿಯನ್ನು ತೋರಿಸಿದರು. ಕಿವಿಯ ಮೇಲೆ ಯಾವ ಮೊಹರೂ ಇರಲಿಲ್ಲವಾದ್ದರಿಂದ ನನಗೆ ಸಮಾಧಾನವಾಗಲಿಲ್ಲ.

ಮುಂದೆ ಯಾದಗಿರಿಯ ಹುಡುಗಿಯರ ಹಾಸ್ಟೆಲೊಂದರಲ್ಲಿ ಆತ್ಮರಕ್ಷಣೆ ಕಲಿಸುವವರು ಬೇಕೆಂದು ಗೊತ್ತಾಗಿ ಲೀಲಾ ಓಡಿದಳು. ಬರೀ ಕಪ್ಪು ಬೆಲ್ಟು ಸಾಲದು, ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಡಿಪ್ಲೊಮಾ ತಂದರೆ ನೋಡೋಣ ಎಂದು ವಾರ್ಡನ್ ಮೇಡಮ್ ಹೇಳಿ ಕಳಿಸಿದರಂತೆ. ಅವಳಿಗೆ ಬೇರೆ ನೌಕರಿಯ ಆಸೆಯೇ ಇರಲಿಲ್ಲ. ನಾನು ತಂದುಕೊಟ್ಟ ಬ್ಯಾಂಕ್ ಪರೀಕ್ಷೆಯ ದಪ್ಪ ಪುಸ್ತಕಗಳನ್ನು ಎರಡೂ ಕೈಯಲ್ಲಿ ಹಿಡಿದು ತೋಳಿನ ವ್ಯಾಯಾಮ ಮಾಡುತ್ತಿದ್ದ ಹುಡುಗಿ ಅವಳು. ಕೊನೆಗೆ ಎಲ್ಲಿಂದಲೋ ಹುಡುಕಿ ತೆಗೆದಳು: ಸಮರಕಲೆ ಬೋಧಕರಿಗಾಗಿ ವಿಶ್ವವಿದ್ಯಾಲಯವೊಂದು ನಡೆಸುವ ಡಿಪ್ಲೊಮಾ, ಭಾನುವಾರಗಳಂದು ಯಾದಗಿರಿಯಲ್ಲೇ ತರಗತಿ.

ನನಗೆ ತಕ್ಷಣ ವಾಸನೆ ಬಡಿಯಿತು. ಹೊಡೆದಾಟಕ್ಕೂ ಡಿಪ್ಲೊಮಾ ಎಂದರೇನು? ನಾಳೆ ಬೈದಾಟಕ್ಕೆ ಎಂ.ಎ. ತೆಗೆದರೆ ನಮ್ಮ ಓಣಿಯಲ್ಲಿ ಎಷ್ಟು ಜನ ಪ್ರಾಧ್ಯಾಪಕರಾಗಬೇಕಾದೀತು! ಜಾಲತಾಣದಲ್ಲಿ ಹುಡುಕಿದೆ, ಮಾನ್ಯತೆ ಇದೆ ಎಂದಿತ್ತು. ಜಾಲತಾಣವನ್ನು ಯಾರು ಬೇಕಾದರೂ ಮಾಡಿಯಾರು. ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಕೂಡಲೇ ಎತ್ತಿ, ಕೇಳಿದ್ದಕ್ಕೆಲ್ಲ ಸಮಾಧಾನವಾಗಿ ಉತ್ತರ ಹೇಳಿದಳು. ನನ್ನ ಸಂಶಯ ಗಟ್ಟಿಯಾದದ್ದೇ ಆಗ. ಫೋನ್ ಎತ್ತುವ ಸಾಚಾ ಆಫೀಸನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿಲ್ಲ.

ಆದ್ದರಿಂದ ನಾನೂ ಸೇರಿಬಿಟ್ಟೆ. ಲೆಕ್ಕ ಸರಳವಾಗಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ನನ್ನಂಥವನನ್ನೂ ಪಾಸು ಮಾಡಿದರೆ ಅದು ಖೊಟ್ಟಿ ಡಿಪ್ಲೊಮಾ ಎಂದು ಸಿದ್ಧವಾದಂತೆ. ವಯಸ್ಸಿನ ಮಿತಿಯಿಲ್ಲ ಎಂದು ಅವರು ಒಪ್ಪಿಕೊಂಡಾಗ ಅರ್ಧ ಕೇಸು ಗೆದ್ದಂತಾಯಿತು. ಲೀಲಾ ಮಾತ್ರ ಸಿಟ್ಟಾದಳು. “ಅಪ್ಪಾ, ನನಗ ಬೇಕಾಗಿದ್ದು ಇದೊಂದ ನೌಕರಿ. ನೀ ನಡುವ ಬಂದು ಅದನ್ನ ಹಾಳ್ ಮಾಡಬ್ಯಾಡ” ಎಂದಳು. ನಿನ್ನ ಹಿತಕ್ಕೇ ಮಾಡುತ್ತಿದ್ದೇನೆ ಎಂದೆ. ಬಿಳಿ ಅಂಗಿ, ಬಿಳಿ ಪಾಯಿಜಾಮ ತೊಟ್ಟು ಹೊರಟರೆ ಗಿರಿಜಾ, ಆಸ್ಪತ್ರೆಯ ಮಂಚದಿಂದ ಎದ್ದು ಬಂದಹಾಗೆ ಕಾಣುತ್ತೀರೆಂದು ಸೆರಗು ಬಾಯಿಗಿಟ್ಟು ನಕ್ಕಳು.

ಲಿಖಿತ ಪರೀಕ್ಷೆ ಬಂತು. ಬಾಯಿಪಾಠದಲ್ಲಿ ನಾನು ಹಳೆಯ ಹುಲಿ. ಬೀಳುವ ಸರಿಯಾದ ಕ್ರಮವನ್ನು ಚಿತ್ರಸಹಿತ ವಿವರಿಸಿ ಎಂಬ ಪ್ರಶ್ನೆಗೆ, ಗದ್ದವನ್ನು ಎದೆಗೆ ಹಚ್ಚಿ ಅಂಗೈಯಿಂದ ನೆಲ ಬಡಿಯಬೇಕೆಂದು ಬರೆದು, ಬೀಳುತ್ತಿರುವ ಮನುಷ್ಯನ ಅಂಗಾಂಗಗಳಿಗೆಲ್ಲ ಬಾಣದ ಗುರುತು ಹಾಕಿ ಹೆಸರು ಕೊಟ್ಟೆ. ತರಗತಿಯಲ್ಲಿ ನಿಜವಾಗಿ ಬಿದ್ದಾಗ ಗದ್ದ, ಅಂಗೈ ಎರಡೂ ನೆನಪಾಗದೆ “ಯವ್ವಾ” ಎಂದಷ್ಟೇ ಅಂದಿದ್ದೆ. ಅದನ್ನೇನು ಉತ್ತರಪತ್ರಿಕೆಯಲ್ಲಿ ಬರೆಯಬೇಕಿರಲಿಲ್ಲ. ನನಗೆ ಬ್ಯಾಚಿಗೇ ಹೆಚ್ಚು ಅಂಕ ಬಂದವು. ಲೀಲಾ ಹೇಗೋ ದಡ ಸೇರಿದ್ದಳು. ಅಂದು ಊಟದ ಹೊತ್ತಿನಲ್ಲಿ, ಇನ್ನೊಂದು ಪರೀಕ್ಷೆ ಮುಗಿಯಲಿ, ಇವರ ಬಣ್ಣ ಬಯಲು ಮಾಡುತ್ತೇನೆ ಎಂದು ಮೀಸೆ ತಿರುವಿದೆ. ಅವಳು ತಲೆ ಎತ್ತದೆ ರೊಟ್ಟಿ ಮುರಿಯುತ್ತ ಕೂತಿದ್ದಳು. ನನ್ನ ತಾಟಿನ ರೊಟ್ಟಿಯೊಂದನ್ನು ಅವಳ ತಾಟಿಗೆ ಹಾಕಿದೆ. ಆದರೆ ತಪಾಸಣೆಯನ್ನು ಅರ್ಧಕ್ಕೆ ಬಿಡುವುದು ನನ್ನಿಂದಾಗದು.

ಪ್ರಾಯೋಗಿಕ ಪರೀಕ್ಷೆಯೆಂದರೆ ಶಾಲೆಯ ಮಕ್ಕಳನ್ನು ನಿಲ್ಲಿಸಿಕೊಂಡು ಪಾಠ ಮಾಡಬೇಕು. ನಡುವೆ ಪರೀಕ್ಷಕರು ದಾಳಿಕೋರನಂತೆ ಮೈಮೇಲೆ ಬರುತ್ತಾರೆ, ಅವರನ್ನು ತಡೆದು ತೋರಿಸಬೇಕು. ನಾನು ಮಾಡಿದಂತೆಯೇ ಮಾಡಿರಿ ಎಂದು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿ ನಿಂತೆ. ಪರೀಕ್ಷಕರು ಹೊರ ಊರಿನವರು, ಬಾಗಿಲು ತುಂಬುವ ಆಳು. ಕೈ ಎತ್ತಿಕೊಂಡು ದಡದಡ ಬಂದರು. ಅಷ್ಟು ದೊಡ್ಡ ಸಾಹೇಬರು ಅಷ್ಟು ಅವಸರದಲ್ಲಿ ಬಂದರೆ ನಮ್ಮ ಕಡೆಯವರು ಏನು ಮಾಡುತ್ತಾರೆ? ನಾನೂ ಅದನ್ನೇ ಮಾಡಿದೆ. ಪಕ್ಕಕ್ಕೆ ಸರಿದು, ಎರಡೂ ಕೈ ಜೋಡಿಸಿ, “ಬರ್ರಿ ಸಾಹೇಬ್ರ, ಬರ್ರಿ, ಕುಂದರ್ರಿ” ಎಂದು ಕುರ್ಚಿಗಾಗಿ ಸುತ್ತ ನೋಡಿದೆ. ನನ್ನ ಹಿಂದೆ ಸಾಲಾಗಿ ನಿಂತಿದ್ದ ಮಕ್ಕಳೆಲ್ಲ ಹೇಳಿದ ಮಾತು ಮೀರದೆ ಪಕ್ಕಕ್ಕೆ ಸರಿದು, ಕೈ ಜೋಡಿಸಿ, ಒಂದೇ ದನಿಯಲ್ಲಿ ಅವರನ್ನು ಬರಮಾಡಿಕೊಂಡರು. ಪರೀಕ್ಷಕರು ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡರು.

ಆಮೇಲೆ ಲೀಲಾಳ ಸರದಿ. ಅವರು ಬಂದದ್ದು ಕಾಣಿಸಿತು, ಅವಳು ಮಣಿಕಟ್ಟು ಹಿಡಿದದ್ದೂ ಕಾಣಿಸಿತು. ನಡುವೆ ಏನಾಯಿತೋ, ಸಾಹೇಬರು ಚಾಪೆಯ ಮೇಲೆ ಅಂಗಾತ ಬಿದ್ದಿದ್ದರು. ಅವರನ್ನು ಹಾಗೇ ಮಲಗಿರಲು ಬಿಟ್ಟು, ಅವರು ಯಾವ ಕಾಲನ್ನು ತಪ್ಪಾಗಿ ಇಟ್ಟರೆಂದು ಅವಳು ಮಕ್ಕಳಿಗೆ ನಿಧಾನವಾಗಿ, ಎರಡು ಸಲ ತಿಳಿಸಿ ಹೇಳಿದಳು. ಮಲಗಿದ್ದವರೂ ತಲೆಯಾಡಿಸಿ ಒಪ್ಪಿದರು.

ಫಲಿತಾಂಶ ಬಂತು. ಲೀಲಾ ಪಾಸು, ನಾನು ಫೇಲು. ಹಾಗಿದ್ದರೆ ಡಿಪ್ಲೊಮಾ ಖರೇದೇ ಆಯಿತಲ್ಲ, ನಿಮ್ಮ ಸಂಶಯ ತೀರಿತಲ್ಲ ಎಂದು ಗಿರಿಜಾ ಕೇಳಿದಳು. ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಲಿಖಿತದಲ್ಲಿ ಎಲ್ಲರಿಗಿಂತ ಮುಂದಿದ್ದವನನ್ನು ಫೇಲು ಮಾಡುವುದೆಂದರೆ ಒಳಗೆ ಏನೋ ನಡೆದಿದೆ. ಮರುಪರಿಶೀಲನೆಗೆ ಅರ್ಜಿ ಹಾಕಿದೆ. ಪ್ರಾಯೋಗಿಕಕ್ಕೆ ಅದು ಅನ್ವಯಿಸುವುದಿಲ್ಲವೆಂದು ಬೇಗನೇ ಉತ್ತರ ಬಂತು. ಅಷ್ಟು ಬೇಗ ಯಾಕೆ ಬರಬೇಕಿತ್ತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಡಿಪ್ಲೊಮಾ ಹಿಡಿದು ಹಾಸ್ಟೆಲಿಗೆ ಹೋದ ಲೀಲಾಳ ಜೊತೆ ನಾನೂ ಹೋದೆ. ವಾರ್ಡನ್ ಮೇಡಮ್ ಅದನ್ನು ಬೆಳಕಿಗೆ ಹಿಡಿದರು, ಹಿಂದೆ ಮುಂದೆ ತಿರುವಿದರು, ಮೊಹರನ್ನು ಉಗುರಿನಿಂದ ಕೆರೆದು ನೋಡಿದರು. ನನ್ನ ಒಡಹುಟ್ಟಿದವರನ್ನು ಕಂಡಂತಾಗಿ ನನಗೆ ಅವರ ಮೇಲೆ ಬಹಳ ಗೌರವ ಬಂತು. “ಇಂಥಾವು ಈಗ ಎಲ್ಲಾ ಕಡೆ ಸಿಗ್ತಾವ. ಇದು ಖರೇದು ಅಂತ ಹೆಂಗ ನಂಬೂದು?” ಎಂದರು. ಲೀಲಾಳ ಮುಖ ಬಾಡಿತು. ವಿಶ್ವವಿದ್ಯಾಲಯದ ಮಾನ್ಯತೆಯ ಬಗ್ಗೆ ಹೇಳೋಣವೆಂದು ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಅವಳೇ ಬಾಯಿಬಿಟ್ಟಳು.

“ಮೇಡಮ್, ನಮ್ಮಪ್ಪಾರೂ ಇದ ಪರೀಕ್ಷಾ ಕಟ್ಟಿದ್ರು. ಫೇಲಾಗ್ಯಾರ.”

ಮೇಡಮ್ ನನ್ನನ್ನು ಕನ್ನಡಕದಿಂದ ಚಪ್ಪಲಿಯವರೆಗೆ ನೋಡಿದರು. ಹೊಟ್ಟೆಯ ಹತ್ತಿರ ಅವರ ನೋಟ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಡಿಪ್ಲೊಮಾವನ್ನು ಫೈಲಿನೊಳಗಿಟ್ಟು, “ಸೋಮವಾರದಿಂದ ಬಾರವ್ವಾ” ಎಂದರು.

ಬಸ್ಸಿನಲ್ಲಿ ಲೀಲಾ ದಾರಿಯುದ್ದಕ್ಕೂ ನಗುತ್ತಿದ್ದಳು. ನನಗೂ ಸಂತೋಷವೇ, ಇಲ್ಲವೆನ್ನಲಾರೆ. ಆದರೆ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ನಾನು ಫೇಲಾದ ಅಂಕಪಟ್ಟಿ ನನ್ನ ಚೀಲದಲ್ಲೇ ಇತ್ತು. ಆ ಮೇಡಮ್ ಅದನ್ನು ತೋರಿಸಿರಿ ಎಂದು ಬಾಯಿಮಾತಿಗೂ ಕೇಳಲಿಲ್ಲ. ಮುಖ ನೋಡಿಯೇ ನಂಬಿಬಿಟ್ಟರು. ಇಷ್ಟು ಹಗುರಾಗಿ ನಂಬುವವರ ಕೈಗೆ ಒಂದು ಹಾಸ್ಟೆಲನ್ನು ಹೇಗೆ ಒಪ್ಪಿಸಿದರೋ, ನನಗಂತೂ ಸಂಶಯ.