ನಾನು ಸುಮ್ಮನಿದ್ದ ಒಂದು ವರ್ಷ

ಬೇರೆಯವರ ಮನೆಗೆ ಬೀಗರು ಬರುತ್ತಾರೆ, ನಮ್ಮ ಮನೆಗೆ ಫಜೀತಿಗಳು ಬರುತ್ತವೆ. ಅವೂ ಚಪ್ಪಲಿ ಕಳಚಿ, ವಸ್ತಿ ಉಳಿಯುವ ತಯಾರಿಯಲ್ಲೇ ಬರುತ್ತವೆ. ಗುಡಗೇರಿಯಲ್ಲಿ ನನ್ನಷ್ಟು ಫಜೀತಿ ಕಂಡವನು ಇನ್ನೊಬ್ಬನಿಲ್ಲ. ಇದ್ದರೆ ಕರೆತನ್ನಿ, ಅವನದನ್ನೂ ನಾನೇ ಚೆನ್ನಾಗಿ ಹೇಳುತ್ತೇನೆ.

೧. ಕರಾರು

ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. "ರೈಟ್" ಅಂದರೆ ನನ್ನ ಬಸ್ಸಷ್ಟೇ ಅಲ್ಲ, ಹಿಂದೆ ನಿಂತ ಎತ್ತಿನ ಚಕ್ಕಡಿಯೂ ಹೊರಡುತ್ತಿತ್ತು. ನಿವೃತ್ತಿಯಾದ ಮರುವರ್ಷ ಹೆಂಡತಿ ತೀರಿಕೊಂಡಳು. ಇಷ್ಟು ದೊಡ್ಡ ದನಿಯನ್ನು ಕೇಳಲು ಉಳಿದದ್ದು ಗೋಡೆಯ ಗಡಿಯಾರ ಒಂದೇ. ಅದೂ ನಡುನಡುವೆ ಬಾಯಿ ಹಾಕುತ್ತಿತ್ತು.

ಅಂಥದ್ದರಲ್ಲಿ ಅಣ್ಣಿಗೇರಿಯಿಂದ ತಮ್ಮ ತನ್ನ ಮಗಳನ್ನು ಕರೆತಂದ. ಪಿಯುಸಿ ಮುಗಿದಿತ್ತು. ಸಿಕ್ಕ ಸೀಟು ಬೇಡ, ದನದ ಡಾಕ್ಟರೇ ಆಗಬೇಕು, ಒಂದು ವರ್ಷ ಗ್ಯಾಪ್ ತಗೊಂಡು ಮತ್ತೆ ಪರೀಕ್ಷೆ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಳು. ಗೆಳತಿಯರೆಲ್ಲ ಕಾಲೇಜು ಸೇರಿ ಫೋಟೋ ಕಳಿಸುತ್ತಿದ್ದರು. ಇವಳು ಫೋನು ಬೋರಲು ಹಾಕಿ ಕೂತಿರುತ್ತಿದ್ದಳು. ನನಗೋ ಹಿಗ್ಗು, ಒಂದು ವರ್ಷಕ್ಕೆ ಎರಡು ಕಿವಿ ಬಂದವೆಂದು. ಆಗ ತಮ್ಮ ಹೇಳಿದ:

"ಅಣ್ಣಾ, ನಮ್ಮ ಮನಿ ಬಾಜಾರದಾಗ ಐತಿ, ಬರೇ ಗದ್ದಲ. ನಿನ್ನ ಮನಿ ಅಗದಿ ಶಾಂತ. ಆದ್ರ ನೀ ಸುಮ್ನಿರಬೇಕು. ಈ ಸಲ ಆಗ್ಲಿಲ್ಲಂದ್ರ ಆಕಿಗೆ ಇನ್ನೊಂದು ವರ್ಷ ಕೊಡಾಂಗಿಲ್ಲ ನಾ."

ಪೇಚು ಹೀಗಿತ್ತು: ನಾನು ಮಾತಾಡಿದರೆ ಹುಡುಗಿ ಫೇಲು. ಸುಮ್ಮನಿದ್ದರೆ ಪಾಸಾಗಿ ಹೊರಟುಹೋಗುತ್ತಾಳೆ. ಬಾಯಿ ತೆರೆದು "ಆತು" ಎಂದೆ. ಅದೇ ಕಡೆಯ ಮಾತು.

೨. ತೆಂಗಿನಕಾಯಿ

ಅಂದಿನಿಂದ ಎಲ್ಲ ಕೈಸನ್ನೆ. ಎರಡು ಸೌಟು ಸಾಕೆಂದು ಎರಡು ಬೆರಳು ತೋರಿಸಿದರೆ ಹಾಲಿನವಳು ಎರಡು ಲೀಟರ್ ಸುರಿದು ಹೋದಳು. ವಾರದೊಳಗೆ ಸುದ್ದಿ ಹಬ್ಬಿತು, ಕಂಡಕ್ಟರ್ ಮೌನವ್ರತ ಹಿಡಿದಾನಂತ.

ಒಂದು ಮುಂಜಾನೆ ಓಣಿಯ ಮುದುಕಿ ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ಬಂದು ಕಾಲಿಗೇ ಬಿದ್ದಳು. ಮೊಮ್ಮಗನಿಗೆ ಕನ್ಯಾ ಸಿಗುತ್ತಿಲ್ಲವಂತೆ. ನಾನು ಗಾಬರಿಯಾಗಿ ಅವಳನ್ನು ಎಬ್ಬಿಸಿ ಅಂಗಳಕ್ಕೆ ಕರೆದೊಯ್ದು, ಒಳಗೆ ಹುಡುಗಿ ಓದುತ್ತಿದ್ದಾಳೆ, ಅದಕ್ಕೇ ಸುಮ್ಮನಿದ್ದೇನೆ ಎಂದು ಪಿಸುಗುಟ್ಟಿದೆ. ಮುದುಕಿ ಸೀರೆ ಝಾಡಿಸಿಕೊಂಡಳು.

"ಮಾತು ಬರತಾವೇನು ನಿನಗ? ಮೊದಲ ಹೇಳಬಾರದೇನಲೇ?"

ಕಾಯಿ ವಾಪಸ್ ತಗೊಂಡಳು. ಊದಿನಕಡ್ಡಿ ಆಗಲೇ ಹಚ್ಚಿಬಿಟ್ಟಿದ್ದಳು. ಅದನ್ನೂ ಊದಿ ನಂದಿಸಿ, ಉಳಿದರ್ಧ ಸೆರಗಿಗೆ ಕಟ್ಟಿಕೊಂಡು ಹೋದಳು.

೩. ಪಸಂದ್

ಪಿಯುಸಿ ಮುಗಿಸಿದ ಹುಡುಗಿ ಮನೆಯಲ್ಲಿ ಕೂತಿದ್ದಾಳೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ತಂಬೂರ ಎಂಬ ಊರಿನಿಂದ ಮೂವರು ಹಿರಿಯರು ಹೇಳದೆ ಕೇಳದೆ ಕನ್ಯಾ ನೋಡಲು ಬಂದರು. ಒಳಗೆ ಅಭ್ಯಾಸ ನಡೆದಿತ್ತು. ನಾನು ತುಟಿಯ ಮೇಲೆ ಬೆರಳಿಟ್ಟು, ಅವರನ್ನು ಕೂಡಿಸಿ, ಚಹಾ ಕೊಟ್ಟೆ. ಪೆನ್ಶನ್ ಬರುತ್ತದೆಯೇ ಎಂದು ಕೇಳಿದರು. ತಲೆಯಾಡಿಸಿದೆ. ಹೆಂಡತಿ? ಮೇಲಕ್ಕೆ ಕೈ ತೋರಿಸಿದೆ. ಅಡಿಗೆ ಯಾರದು? ಎದೆ ತಟ್ಟಿಕೊಂಡೆ.

ಅಷ್ಟರಲ್ಲಿ ಹುಡುಗಿ ಪುಸ್ತಕ ಹಿಡಿದುಕೊಂಡೇ ಹೊರಗೆ ಬಂದು, ತಾನು ವರ್ಷ ಬಿಟ್ಟಿರುವುದು ಓದಲಿಕ್ಕೆ, ಲಗ್ನಕ್ಕಲ್ಲ ಎಂದು ನೆಟ್ಟಗೆ ಹೇಳಿದಳು. ಹಿರಿಯರು ತಮ್ಮೊಳಗೇ ಗುಸುಗುಸು ಮಾಡಿ ನನ್ನ ಕಡೆ ತಿರುಗಿದರು.

"ಆಕಿ ಓದ್ಲಿ ಬಿಡ್ರಿ. ನಮ್ಮ ನಾದಿನಿ ಒಬ್ಬಾಕಿ ಅದಾಳ, ಗಂಡ ತೀರಿ ಐದು ವರ್ಷಾತು. ನಿಮ್ಮಂಥಾ ಮಾತು ಕಡಿಮಿ ಇದ್ದ ಮನಶ್ಯಾ ಎಲ್ಲಿ ಸಿಗ್ತಾನ್ರಿ?"

ಹುಡುಗಿ ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ ನಕ್ಕಳು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ನನಗೂ ಮನಸ್ಸಿಲ್ಲದೆ ಇರಲಿಲ್ಲ. ಆದರೆ ಅದು ಮೋಸದ ಲಗ್ನವಾಗುತ್ತಿತ್ತು. ಮರುದಿನ ನಾನು ಬಾಯಿ ತೆರೆದೊಡನೆ ಆಕೆ ತಂಬೂರದ ಬಸ್ಸು ಹಿಡಿಯುತ್ತಿದ್ದಳು.

೪. ಹಳ್ಳ

ಪಾಸಾದಳು. ಬೀದರಿನಲ್ಲಿ ಸೀಟು ಸಿಕ್ಕಿತು. ಹಾಸ್ಟೆಲ್ಲಿಗೆ ಬಿಟ್ಟು ಬಂದೆವು.

ಇನ್ನು ಮನಸ್ಸು ತುಂಬ ಮಾತಾಡಬಹುದೆಂದು ಮರುದಿನ ನಡುಮನೆಯಲ್ಲಿ ನಿಂತು ಬಾಯಿ ತೆರೆದೆ. ಏನೂ ಹೊರಡಲಿಲ್ಲ. ಖಾಲಿ ಮನೆಯಲ್ಲಿ ಸಪ್ಪಳವಾಗದಂತೆ ಬಕೆಟ್ ಇಳಿಸುತ್ತಿದ್ದೆ. ಕೆಮ್ಮು ಬಂದರೆ ಹಿತ್ತಲಿಗೆ ಓಡುತ್ತಿದ್ದೆ. ಆಕೆಯ ಕೋಣೆಯ ಮುಂದೆ ಈಗಲೂ ತುದಿಗಾಲಲ್ಲೇ ಹೋಗುತ್ತಿದ್ದೆ.

ಹದಿನೈದು ದಿನದ ಮೇಲೆ, ಒಂದು ರವಿವಾರ ಮಧ್ಯಾಹ್ನ ಆಕೆಯ ಫೋನು ಬಂತು.

"ದೊಡ್ಡಪ್ಪಾ, ಇಲ್ಲಿ ಓದಾಕ ಆಗವಲ್ತುರಿ. ಭಾಳ ಶಾಂತ ಐತಿ."

ಶಾಂತ ಇದ್ದರೆ ಒಳ್ಳೆಯದಲ್ಲವೇನವ್ವಾ ಎಂದೆ.

"ನೀವು ದಿನಾ ಅಡಿಗಿಮನ್ಯಾಗ ಕುಕ್ಕರ್ ಜೋಡಿ ಮಾತಾಡ್ತಿದ್ರಲ್ರಿ, ಅದನ್ನ ಕೇಳ್ಕೋತ ಓದಿ ಓದಿ ರೂಢಿ ಆಗೇತಿ."

ವರ್ಷವಿಡೀ ಪಿಟ್ಟೆನ್ನದೆ ಇದ್ದೆನೆಂದು ತಿಳಿದಿದ್ದವನು ನಾನು. ಫೋನು ಟೇಬಲ್ ಮೇಲಿಡುತ್ತೇನೆ, ಏನಾದರೂ ಹೇಳುತ್ತಿರಿ, ನಾನು ಓದಿಕೊಳ್ಳುತ್ತೇನೆ ಅಂದಳು.

ಶುರು ಹಚ್ಚಿದೆ. ಕುಬಿಹಾಳದ ದಾರಿಯಲ್ಲಿ ಹಳ್ಳ ಬಂದು ನನ್ನ ಬಸ್ಸು ನಡುನೀರಲ್ಲಿ ನಿಂತದ್ದು, ಟಾಪಿನ ಮೇಲಿದ್ದ ಆಡುಗಳು ಈಜು ಬಿದ್ದದ್ದು, ನಾನು ಸೀಟಿ ಊದಿದ ಕೂಡಲೇ ನೀರು ಒಂದು ಗಳಿಗೆ ಹರಿಯುವುದನ್ನೇ ಬಿಟ್ಟದ್ದು. ಒಂದು ತಾಸಾಗಿರಬೇಕು. ಉಸಿರು ತಗೊಂಡು, "ಓದಾಕ್ಹತ್ತೀ ಏನ, ಅವ್ವೀ?" ಎಂದೆ.

ಬೇರೆ ದನಿ ಬಂತು.

"ಆಕಿ ಬಟ್ಟಿ ಒಗ್ಯಾಕ ಹೋಗಿ ಅರ್ಧಾ ತಾಸಾತ್ರಿ. ನಾ ಆಕಿ ರೂಮಿನಾಕಿ, ಬಾಜೂ ಕಾಟಿನಾಕಿ. ಇನ್ನೂ ಇಬ್ರು ಬಂದು ಕುಂತಾರ. ಬಸ್ಸು ಹಳ್ಳಾ ದಾಟ್ತೋ ಇಲ್ಲೋ ಹೇಳ್ರಿ."

ಅದಾಗಿ ನಾಲ್ಕು ರವಿವಾರ ಕಳೆದವು. ಬಸ್ಸು ಇನ್ನೂ ನಡುನೀರಲ್ಲೇ ಇದೆ. ದಾಟಿಸಿಬಿಟ್ಟರೆ ಅವರು ಫೋನು ಇಟ್ಟುಬಿಡುತ್ತಾರೆ.