ಜೆರ್ಸಿಯ ಬೆನ್ನಿಗೆ ಹೆಸರು ಹಾಕಿಸಿದ್ದು

ಹನ್ನೆರಡು ಅಂಗಿ, ಹನ್ನೆರಡು ಹೆಸರು. ಇದರಲ್ಲಿ ತಪ್ಪಾಗಲು ಏನಿದೆ, ನೀವೇ ಹೇಳಿ! ಹಾವೇರಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷದಿಂದ ಕನ್ನಡ ಕಲಿಸುತ್ತಿರುವವನು ನಾನು. ನಮ್ಮ ಓಣಿಯಲ್ಲಿ ಮದುವೆ ಪತ್ರಿಕೆ, ಬ್ಯಾನರು, ಸನ್ಮಾನಪತ್ರ ಏನೇ ಅಚ್ಚಾಗಬೇಕಿದ್ದರೂ ಮೊದಲು ನನ್ನ ಮುಂದೆ ಬರುತ್ತದೆ. ನಾನು ಕೆಂಪು ಪೆನ್ನಿನಿಂದ ನಾಲ್ಕು ಕಡೆ ಗೀಚಿದ ಮೇಲೆಯೇ ಅದಕ್ಕೆ ಮುಕ್ತಿ. ಆದ್ದರಿಂದ ನಮ್ಮ ಫುಟ್‌ಬಾಲ್ ತಂಡದ ಜೆರ್ಸಿಗಳ ಬೆನ್ನಿಗೆ ಹೆಸರು ಹಾಕಿಸುವ ಮಾತು ಬಂದಾಗ, ಯಾರೂ ಕೇಳುವ ಮೊದಲೇ "ನಾ ಮಾಡಸ್ತೀನಿ ಬಿಡ್ರಿ" ಅಂದುಬಿಟ್ಟೆ.

ತಂಡ ಅಂದರೆ ದೊಡ್ಡದೇನೋ ಕಲ್ಪಿಸಿಕೊಳ್ಳಬೇಡಿ. ಐವತ್ತರ ಆಚೀಚಿನ ಹನ್ನೆರಡು ಮಂದಿ. ಕಾಲೇಜಿನಲ್ಲಿ ಒಟ್ಟಿಗೆ ಆಡಿದವರು. ಊರೆಲ್ಲ ಕಬಡ್ಡಿ, ಕ್ರಿಕೆಟ್ ಅಂತ ಓಡಾಡುವಾಗ ನಾವು ಮಾತ್ರ ಭಾನುವಾರ ಬೆಳಿಗ್ಗೆ ಹೊಟ್ಟೆ ಕುಣಿಸುತ್ತ ಚೆಂಡಿನ ಹಿಂದೆ ಓಡುತ್ತೇವೆ. ನಾಯಕ ಅನ್ವರ, ಹಾವೇರಿಯಲ್ಲಿ ಗ್ಯಾರೇಜು ಇಟ್ಟವನು. ಗೋಲು ಕಾಯುವವನು ಮಲ್ಲೇಶಪ್ಪ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ದಿನವಿಡೀ ಮೆಣಸಿನಕಾಯಿ ರಾಶಿಯ ನಡುವೆ ಇದ್ದು ಅವನ ಮೈಗೇ ಘಾಟು ಹತ್ತಿತ್ತು. ಗೋಲಿನ ಹತ್ತಿರ ಬಂದ ಎದುರಾಳಿ ಚೆಂಡು ಒದೆಯುವ ಮೊದಲು ಸೀನುತ್ತಿದ್ದ. ಅಷ್ಟರಲ್ಲಿ ಚೆಂಡು ಮಲ್ಲೇಶಪ್ಪನ ಕೈಯಲ್ಲಿರುತ್ತಿತ್ತು!

ಆ ಮಲ್ಲೇಶಪ್ಪ ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಚೀಲದ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ನಿದ್ದೆ ಹತ್ತಿರಬೇಕು ಅಂತ ಜೊತೆಯವರು ಅರ್ಧ ಗಂಟೆ ಎಬ್ಬಿಸಲೇ ಇಲ್ಲ. ಐವತ್ತೊಂದು ವಯಸ್ಸು.

ಮಣ್ಣು ಮಾಡಿ ಬಂದು ಹನ್ನೊಂದು ಮಂದಿ ಅವನ ಮನೆ ಕಟ್ಟೆಯ ಮೇಲೆ ಕುಳಿತಿದ್ದೆವು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು, ಮುಂದಿನವನು ಯಾರು ಅಂತ ಲೆಕ್ಕ ಹಾಕುವವರ ಹಾಗೆ. ದೀಪಾವಳಿಯಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದ ಪ್ರಕಾಶನನ್ನು ಎಲ್ಲರೂ ಸ್ವಲ್ಪ ಹೆಚ್ಚೇ ನೋಡಿದೆವು. ಪಾಪ, ಅವನು ಎದ್ದು ನೀರು ಕುಡಿಯಲು ಹೋದ.

ಕೊನೆಗೆ ಅನ್ವರ ಅಂದ: "ಅವನ ಹೆಸರಿನ್ಯಾಗ ಒಂದ್ ಮ್ಯಾಚ್ ಆಡೂಣು. ಬ್ಯಾಡಗಿಯಾಗ. ರಾಣೆಬೆನ್ನೂರಿನ ಟೀಮಿನವ್ರನ್ನ ಕರಿಯೂಣು. ಒಂದನೇ ನಂಬರಿನ ಅಂಗಿ ಮ್ಯಾಲ ಅವನ ಹೆಸರ ಹಾಕ್ಸಿ ಶಾಂತಾ ವೈನಿಗೆ ಕೊಡೂಣು."

ಶಾಂತಾ ವೈನಿ ಅಂದರೆ ಮಲ್ಲೇಶಪ್ಪನ ಹೆಂಡತಿ. ಎಲ್ಲರೂ ಒಪ್ಪಿದೆವು. ಕಡೆಗಾದರೂ ಒಂದು ಕೆಲಸ ಅವನಿಗಾಗಿ ನೆಟ್ಟಗೆ ಮಾಡಬೇಕು ಅನ್ನಿಸಿತ್ತು ನನಗೆ.

ಕೆಂಪು ಬಣ್ಣದ ಹನ್ನೆರಡು ಅಂಗಿ ತೆಗೆದುಕೊಂಡು ರಾಣೆಬೆನ್ನೂರಿಗೆ ಹೋದೆ. ಅಲ್ಲಿ ಜೆರ್ಸಿ ಮೇಲೆ ಅಕ್ಷರ ಅಂಟಿಸುವ ನಾಗಪ್ಪನ ಅಂಗಡಿ. ನಾನು ಮನೆಯಲ್ಲೇ ಒಂದು ಹಾಳೆಯ ಮೇಲೆ ದುಂಡಗೆ ಪಟ್ಟಿ ಬರೆದುಕೊಂಡಿದ್ದೆ. ಮೊದಲ ಸಾಲು: "೧. ದಿ. ಮಲ್ಲೇಶಪ್ಪ." ದಿವಂಗತನಿಗೆ ಕೊಡಬೇಕಾದ ಗೌರವ ಕೊಡಬೇಕಲ್ಲ! ಕೆಳಗೆ ನಮ್ಮ ಹನ್ನೊಂದು ಹೆಸರು. ಕೊನೆಯಲ್ಲಿ, ಅಕ್ಷರದ ಗಾತ್ರ ಹೆಚ್ಚುಕಡಿಮೆ ಆಗದಿರಲಿ ಅಂತ, ಒಂದು ಘನಗಂಭೀರ ಷರಾ: "ಉಳಿದೆಲ್ಲ ಹೆಸರುಗಳೂ ಮೊದಲನೆಯ ಹೆಸರಿನ ಮಾದರಿಯಲ್ಲಿಯೇ ಇರತಕ್ಕದ್ದು."

ಇಂಥ ಕನ್ನಡ ಬರೆಯುವವರು ಈಗ ಎಷ್ಟು ಜನ ಇದ್ದಾರೆ?

ವಾಪಸ್ ಬರುವಾಗ ಬಸ್ಸು ಮೋಟೆಬೆನ್ನೂರು ದಾಟುವ ಹೊತ್ತಿಗೆ ನಾಗಪ್ಪನ ಫೋನು ಬಂತು. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು.

"ಸರ, ಎಲ್ಲಾರಿಗೂ ಇದ ಹಾಕೂದೇನ್ರಿ?" ಅಂತ ಕೇಳಿಸಿತು.

"ಹೌದ್ರಿ, ಎಲ್ಲಾರಿಗೂ!" ನಾನು ಕಿರುಚಿದೆ. "ಒಬ್ಬರನ್ನೂ ಬಿಡಬ್ಯಾಡ್ರಿ!"

ಆ ಕಡೆ ಅವನು ಲೊಚಗುಟ್ಟಿದ. ಆಮೇಲೆ ಸಣ್ಣ ದನಿಯಲ್ಲಿ, "ಆತ್ರಿ ಸರ," ಅಂದ.

ಶನಿವಾರ ಬೆಳಿಗ್ಗೆ ಅಂಗಿ ತರಲು ಹೋದೆ. ಮರುದಿನವೇ ಪಂದ್ಯ. ನಾಗಪ್ಪ ನನ್ನನ್ನು ಕಂಡವನೇ ಎದ್ದು ನಿಂತು ಕೈಮುಗಿದ. ಕುರ್ಚಿ ಒರೆಸಿ ಕೂಡಿಸಿದ. ಚಹಾ ತರಿಸಿದ.

"ಭಾಳ ಅನ್ಯಾಯ ಆತ್ರಿ ಸರ. ಮನ್ಯಾಗಿನವ್ರು ಹೆಂಗ ತಡಕೊಂಡಾರೋ ಏನೋ."

"ಏನ್ ಮಾಡೂದ್ರಿ. ತಡಕೋಬೇಕಲ್ರಿ."

"ಒಮ್ಮೆಲೇ ಆತೇನ್ರಿ?"

"ಒಮ್ಮೆಲೇ. ಚಹಾ ಕುಡಕೋತ ಕುಂತಾಗ."

ನಾಗಪ್ಪ ತನ್ನ ಕೈಯಲ್ಲಿದ್ದ ಕಪ್ಪನ್ನು ಒಮ್ಮೆ ನೋಡಿ ಮೆಲ್ಲಗೆ ಕೆಳಗಿಟ್ಟ. ಮತ್ತೆ ಮುಟ್ಟಲಿಲ್ಲ. ಎಂಥ ಮೃದು ಮನಸ್ಸು ಅಂದುಕೊಂಡೆ. ಗಂಟು ಬಿಚ್ಚಿ ತೋರಿಸಲೇ ಅಂತ ಕೇಳಿದ.

"ಬ್ಯಾಡ್ರಿ. ನನ್ನ ಅಕ್ಷರ ನೋಡಿ ಮಾಡೀರಿ ಅಂದಮ್ಯಾಲ ತಪ್ಪ ಎಲ್ಲಿಂದ ಬರ್ತೈತಿ?"

ಮನೆಗೆ ಬಂದು ಗಂಟನ್ನು ಹೆಂಡತಿ ಗಿರಿಜಾಳ ಮುಂದೆ ಇಟ್ಟೆ. ಅವಳು ಮೇಲಿನ ಅಂಗಿ ಬಿಡಿಸಿ ಹಿಡಿದಳು. ಕೆಂಪು ಬಟ್ಟೆಯ ಮೇಲೆ ಹಾಲಿನಂಥ ಬಿಳಿ ಅಕ್ಷರ. ಅವಳು ಓದಿದಳು:

"ದಿ. ಅನ್ವರ." ಅವಳ ಕೈ ಬಾಯಿಗೆ ಹೋಯಿತು. "ಅಯ್ಯ, ಏನ್ರೀ! ಅನ್ವರಣ್ಣ ಯಾವಾಗ ಹ್ವಾದ?"

"ಯಾವಾಗನೂ ಹೋಗಿಲ್ಲ! ಕನ್ನಡಕ ಹಾಕ್ಕೊಂಡು ಓದು."

ನಾನೇ ಕನ್ನಡಕ ಹಾಕಿಕೊಂಡು ಓದಿದೆ. ದಿ. ಅನ್ವರ. ಮುಂದಿನದು ದಿ. ಪ್ರಕಾಶ. ಅದರ ಮುಂದಿನದು, ಅದರ ಮುಂದಿನದು! ಹಾವೇರಿಯ ಇಡೀ ತಂಡವನ್ನು ನಾನು ಒಂದೇ ಷರಾದಲ್ಲಿ ಸ್ವರ್ಗಕ್ಕೆ ಕಳಿಸಿದ್ದೆ.

ಒಂಬತ್ತನೆಯದು ನನ್ನದು: ದಿ. ಗುರುಪಾದಪ್ಪ. ಗಿರಿಜಾ ಅದನ್ನು ಗಟ್ಟಿಯಾಗಿ ಓದಲಿಲ್ಲ. ಅಕ್ಷರ ಒಳಗೆ ಬರುವ ಹಾಗೆ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ, "ಇದನ್ನ ಮನಿಯೊಳಗ ಯಾಕ ತಂದ್ರಿ?" ಅಂದಳು. ನಗುತ್ತಾಳೆ ಅಂತ ನೋಡಿದೆ. ನಗಲಿಲ್ಲ.

ನಾಗಪ್ಪನಿಗೆ ಫೋನು ಹಚ್ಚಿ ಹರಿಹಾಯ್ದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ.

"ಸರ, ನೀವ ಬರದೀರಿ, ಎಲ್ಲಾ ಹೆಸರೂ ಮೊದಲನೇದರ ಹಂಗ ಇರಬೇಕಂತ. ಆದ್ರೂ ಡೌಟ್ ಬಂದು ಕೇಳಿದ್ನೆಲ್ರಿ, ಎಲ್ಲಾರಿಗೂ ‘ದಿ’ ಹಾಕೂದೇನ್ರಿ ಅಂತ! ಒಬ್ಬರನ್ನೂ ಬಿಡಬ್ಯಾಡ್ರಿ ಅಂದ್ರಿ." ಆಮೇಲೆ ತಾನೇ ಕೇಳಿದ: "ಹಂಗಾರ ಇವ್ರೆಲ್ಲಾ ಇನ್ನೂ ಅದಾರೇನ್ರಿ?"

"ಅದಾರ್ರಿ!"

"ದೇವ್ರ ದೊಡ್ಡಾಂವ ನೋಡ್ರಿ," ಅಂದ. ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. ಆದರೆ ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟು ಬಸ್ಸಿನಲ್ಲಿ ಕುಳಿತಿದ್ದ. ಸೋಮವಾರವೇ ಬರುವುದು. "ಇಸ್ತ್ರಿ ಪೆಟಗಿ ಬಿಸಿ ಮಾಡಿ ಸ್ವಲ್ಪ ಒತ್ತರಿ, ಅಕ್ಷರ ಮೆತ್ತಗ ಆಗ್ತಾವು, ಉಗುರ್ಲೆ ಎಬಸ್ರಿ," ಅಂತ ಉಪಾಯ ಹೇಳಿದ.

ಪ್ರಯೋಗಕ್ಕೆ ನನ್ನದೇ ಅಂಗಿ ತೆಗೆದುಕೊಂಡೆ. ‘ದಿ’ ಬಂತು. ಅದರ ಹಿಂದಿನ ಬಟ್ಟೆಯೂ ಬಂತು! ಬೆನ್ನಲ್ಲಿ ಅಂಗೈ ಅಗಲದ ತೂತು. ಎರಡನೆಯದು ಅನ್ವರನದು. ಈ ಸಲ ಬಿಸಿ ಕಡಿಮೆ ಮಾಡಿದೆ. ‘ದಿ’ ಅಲುಗಾಡಲಿಲ್ಲ. ಕೊನೆಯ ‘ರ’ ಎದ್ದು ನನ್ನ ಹೆಬ್ಬೆರಳಿಗೆ ಅಂಟಿತು. ಈಗ ಅವನು ಬರೀ "ದಿ. ಅನ್ವ."

ಗಿರಿಜಾ ಬಂದು ನನ್ನ ಕೈಯಿಂದ ಇಸ್ತ್ರಿ ಪೆಟ್ಟಿಗೆ ಕಿತ್ತುಕೊಂಡಳು.

"ಸರೀರಿ ಆಕಡೆ. ಇದನ್ನ ಯಾವ ಹೆಂಗಸೂ ತನ್ನ ಗಂಡನ ಬೆನ್ನ ಮ್ಯಾಲ ನೋಡಬಾರ್ದು."

ತನ್ನದೊಂದು ಕೆಂಪು ರವಿಕೆಯ ಕಣ ತೆಗೆದು ಚೂರು ಚೂರು ಕತ್ತರಿಸಿ, ಒಂದೊಂದು ‘ದಿ’ ಮೇಲೂ, ನನ್ನ ಅಂಗಿಯ ತೂತಿಗೂ ತೇಪೆ ಇಟ್ಟು ಹೊಲಿಯಲು ಕುಳಿತಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಸಿದಳು. ದೂರದಿಂದ ಏನೂ ಗೊತ್ತಾಗುತ್ತಿರಲಿಲ್ಲ. ನಾನು ಯಾರಿಗೂ ಹೇಳಬಾರದು ಅಂತ ತೀರ್ಮಾನಿಸಿದೆ. ಇದು ನನ್ನ ಮುಂದಿನ ತಪ್ಪು.

ಭಾನುವಾರ ಬ್ಯಾಡಗಿಯ ಮೈದಾನದಲ್ಲಿ ಒಳ್ಳೆ ಜನ ಸೇರಿದ್ದರು. ಶಾಂತಾ ವೈನಿ ಮುಂದಿನ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದರು. ಪಕ್ಕದಲ್ಲಿ ಗಿರಿಜಾ. ಅಂಗಿ ಹಾಕಿಕೊಳ್ಳುವಾಗ ಅನ್ವರ ತೇಪೆ ಮುಟ್ಟಿ ನೋಡಿ, "ಇದೇನಲೇ ಮಾಸ್ತರ?" ಅಂದ. "ಬೆವರ ಹೀರಾಕ," ಅಂದೆ. ‘ರ’ ಎಲ್ಲಿ ಅಂತ ಕೇಳುವಷ್ಟರಲ್ಲಿ ಸೀಟಿ ಊದಿದರು. ಬದುಕಿದೆ.

ಮೈಕು ಬಸವಂತಪ್ಪನ ಕೈಯಲ್ಲಿತ್ತು. ಬ್ಯಾಡಗಿಯಲ್ಲಿ ಮದುವೆಯಾಗಲಿ, ನಾಟಕವಾಗಲಿ, ಮೈಕು ಅವನದೇ. ಹಾವೇರಿಯ ನಾವು ಯಾರೂ ಅವನಿಗೆ ಪರಿಚಯವಿಲ್ಲ. ಬೆನ್ನ ಮೇಲಿನ ಹೆಸರು ಓದಿ ಆಟದ ವರ್ಣನೆ ಮಾಡುತ್ತಿದ್ದ.

ಹತ್ತು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ರಾಣೆಬೆನ್ನೂರಿನವನೊಬ್ಬ ಪ್ರಕಾಶನ ಅಂಗಿ ಹಿಂದಿನಿಂದ ಹಿಡಿದು ಜಗ್ಗಿದ. ತೇಪೆ ಅವನ ಕೈಗೆ ಬಂತು. ಕರವಸ್ತ್ರ ಅಂದುಕೊಂಡನೋ ಏನೋ, ಮಡಚಿ ಪ್ರಕಾಶನಿಗೇ ವಾಪಸ್ ಕೊಟ್ಟ.

"ದಿವಂಗತ ಪ್ರಕಾಶ ಅವರು ಚೆಂಡಿನೊಂದಿಗೆ ಮುನ್ನುಗ್ಗುತ್ತಿದ್ದಾರೆ!" ಬಸವಂತಪ್ಪನ ಧ್ವನಿ ಮೈದಾನವೆಲ್ಲ ತುಂಬಿತು.

ಬೆವರಿಗೆ ಒದ್ದೆಯಾಗಿ ಎಳೆದಾಟಕ್ಕೆ ಸಿಕ್ಕಿ ಉಳಿದ ತೇಪೆಗಳೂ ಒಂದೊಂದಾಗಿ ಬಿಚ್ಚತೊಡಗಿದವು.

"ದಿವಂಗತ ಅನ್ವ ಅವರಿಂದ ದಿವಂಗತ ಪ್ರಕಾಶ ಅವರಿಗೆ ಪಾಸ್! ಎಂಥ ಹೊಂದಾಣಿಕೆ!"

ಹಳೆಯ ಆಟಗಾರರ ನೆನಪಿಗೆ ಒಬ್ಬೊಬ್ಬರೂ ಒಂದೊಂದು ಹೆಸರು ಹಾಕಿಕೊಂಡು ಆಡುತ್ತಿದ್ದಾರೆ ಅಂತ ಅವನು ತಿಳಿದನಂತೆ. ಅವನದೇನು ತಪ್ಪು? ಜನ ಮೊದಲು ನಕ್ಕರು. ಆಮೇಲೆ ಶಾಂತಾ ವೈನಿಯ ಕಡೆ ನೋಡಿ ಸುಮ್ಮನಾದರು. ಆ ನಿಶ್ಶಬ್ದದಲ್ಲಿ ಪ್ರಕಾಶ ಚೆಂಡು ಬಿಟ್ಟು ನಿಂತ. ತನ್ನ ಬೆನ್ನು ತಾನೇ ಓದಲು ಕತ್ತು ತಿರುಗಿಸಿ ಒಂದು ಸುತ್ತು ತಿರುಗಿದ, ಇನ್ನೊಂದು ಸುತ್ತು ತಿರುಗಿದ. ಆಮೇಲೆ ಎದೆ ಮೇಲೆ ಕೈಯಿಟ್ಟುಕೊಂಡು ಹುಲ್ಲಿನ ಮೇಲೆ ಕುಸಿದು ಕುಳಿತ.

ಎಲ್ಲರೂ ಓಡಿದೆವು. ಅವನ ಮುಖ ಬೂದಿಯಾಗಿತ್ತು. ಅನ್ವರ ತನ್ನ ಕಾರು ಮೈದಾನದೊಳಕ್ಕೇ ತಂದ. ಪ್ರಕಾಶನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಬಾಗಿಲು ಹಾಕುವ ಮೊದಲು ಅನ್ವರ ನನ್ನ ಕಡೆ ನೋಡಿದ.

"ಮಾಸ್ತರ, ಅಂವಗ ಏನರ ಆತಂದ್ರ ನೀ ಬರದದ್ದು ಖರೇ ಆಗ್ತೈತಿ."

ಮೂವತ್ತೈದು ವರ್ಷದ ಗೆಳೆತನದಲ್ಲಿ ಅವನು ನನ್ನ ಮೇಲೆ ಹಾಗೆ ಕಣ್ಣು ಬಿಟ್ಟದ್ದು ಅದೇ ಮೊದಲು. ಕಾರು ಹೋಯಿತು. ಪಂದ್ಯ ನಿಂತಿತು. ರಾಣೆಬೆನ್ನೂರಿನವರು ಮೂಲೆಯಲ್ಲಿ ಗುಂಪಾಗಿ ನಿಂತರು. ತೇಪೆ ಕಿತ್ತುಹೋದ ಬೆನ್ನಿನ ತೂತಿನಿಂದ ಬಿಸಿಲು ಸುಡುತ್ತಿದ್ದರೂ ನಾನು ಮೈದಾನದ ನಡುವೆಯೇ ನಿಂತಿದ್ದೆ. ಪ್ರಕಾಶ ಬದುಕಲಿ, ಇನ್ನು ಜನ್ಮದಲ್ಲಿ ಪೆನ್ನು ಹಿಡಿಯುವುದಿಲ್ಲ ಅಂತ ಹರಕೆ ಹೊತ್ತೆ.

ಆಗ ಶಾಂತಾ ವೈನಿ ತಾವೇ ಎದ್ದು ಬಂದರು.

"ಮಾಸ್ತರ್ರ, ಅವರ ಅಂಗಿ ಎಲ್ಲೈತ್ರಿ?"

ಚೀಲದಿಂದ ಒಂದನೇ ನಂಬರಿನ ಅಂಗಿ ತೆಗೆದು ಕೊಟ್ಟೆ. ಕೊಡುವಾಗ ನೋಡಿದೆ. ಗಿರಿಜಾ ಗಡಿಬಿಡಿಯಲ್ಲಿ ಅದರ ‘ದಿ’ ಮೇಲೂ ತೇಪೆ ಹಚ್ಚಿದ್ದಳು! ಬದುಕಿದವರೆಲ್ಲ ದಿವಂಗತರಾಗಿ ಓಡಾಡಿದ ದಿನ, ನಿಜವಾಗಿ ಹೋದವನೊಬ್ಬನೇ ಬರೀ ‘ಮಲ್ಲೇಶಪ್ಪ’ ಆಗಿದ್ದ.

ವೈನಿ ಅಕ್ಷರಗಳ ಮೇಲೆ ಕೈಯಾಡಿಸಿದರು. ಬಹಳ ಹೊತ್ತು.

"ಇದಕ್ಕ ಅದನ್ನ ಹಾಕ್ಸಿಲ್ಲಲ್ರಿ. ಛೊಲೋ ಮಾಡೀರಿ. ಎರಡ ತಿಂಗಳಾತು, ಬ್ಯಾಂಕಿಗೆ ಹ್ವಾದ್ರೂ, ಯಾವ ಆಫೀಸಿಗೆ ಹ್ವಾದ್ರೂ, ಅವರ ಹೆಸರ ಮುಂದ ಅದನ್ನ ಬರೀರಿ, ಬರೀರಿ ಅಂತಾರ. ಬರದ ಬರದ ಕೈ ಸೋತು ಹೋಗೇತ್ರಿ. ಬರೇ ಹೆಸರ ನೋಡಿ ಭಾಳ ದಿನ ಆಗಿತ್ತು."

ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಎರಡು ತಿಂಗಳಲ್ಲಿ ಅವರು ಜನರ ಮುಂದೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ನಿಜ ಹೇಳಬೇಕಿತ್ತು. "ಹೌದ್ರಿ ವೈನಿ, ಬೇಕಂತನ ಹಾಕ್ಸಿಲ್ಲ," ಅಂದೆ. ಅವರ ಹಿಂದೆ ನಿಂತಿದ್ದ ಗಿರಿಜಾ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಆ ಕ್ಷಣಕ್ಕೆ ನನ್ನ ಅಂಗಿಯಿಂದ ಕಿತ್ತ ‘ದಿ’ ನನಗೊಬ್ಬನಿಗೆ ಸರಿಯಾಗಿ ಒಪ್ಪುತ್ತಿತ್ತು.

ಮಧ್ಯಾಹ್ನ, ಮೈದಾನದ ಕಟ್ಟೆಯ ಬಳಿ ಕಾಯುತ್ತಿದ್ದಾಗ, ಅನ್ವರನ ಫೋನು ಬಂತು. ಎತ್ತದೆ ಫೋನನ್ನು ಹಾಗೇ ಮುಂದೆ ಚಾಚಿದೆ. ಗಿರಿಜಾ ತೆಗೆದುಕೊಂಡು ಸ್ಪೀಕರಿಗೆ ಹಾಕಿದಳು.

"ಗ್ಯಾಸ್ ಅಂತ," ಅಂದ ಅನ್ವರ. "ಬೆಳಿಗ್ಗೆ ಆರು ಮಿರ್ಚಿ ಭಜಿ ತಿಂದಾನ, ಪಥ್ಯದ ಮನಷ್ಯ! ಡಾಕ್ಟ್ರು ಕವುಚಿ ಮಲಗ್ರಿ ಅಂದ್ರು. ಬೆನ್ನ ಮ್ಯಾಲಿಂದು ಓದಿದ್ರು. ಓದಿ ಮತ್ತೊಂದ್ ಸಲ ಇಸಿಜಿ ತಗದ್ರು."

ಗಿರಿಜಾ ಈಗ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಸ್ವಲ್ಪ ಅತ್ತೆ. ಯಾರೂ ಗಮನಿಸಲಿಲ್ಲ.

ಮುಂದಿನ ಭಾನುವಾರ ತಂಡದ ತುರ್ತುಸಭೆ ಸೇರಿತು. ಇನ್ನು ಮುಂದೆ ಮಾಸ್ತರನಿಗೆ ಬರವಣಿಗೆಯ ಯಾವ ಕೆಲಸವನ್ನೂ ವಹಿಸತಕ್ಕದ್ದಲ್ಲ ಅಂತ ಸರ್ವಾನುಮತದ ಠರಾವು ಆಯಿತು. ನಾನೂ ಕೈ ಎತ್ತಿದೆ. ಪ್ರಕಾಶ ಎರಡೂ ಕೈ ಎತ್ತಿದ. ಆದರೂ ಪೂರ್ತಿ ಹೊರಗೆ ಹಾಕಬಾರದು ಅಂತ ದೊಡ್ಡ ಮನಸ್ಸು ಮಾಡಿ ಚೆಂಡಿಗೆ ಗಾಳಿ ತುಂಬುವ ಹೊಣೆ ಕೊಟ್ಟಿದ್ದಾರೆ. ಪಂಪಿನ ಬಾಯಿಗೆ ಸೂಜಿ, ಸೂಜಿಯನ್ನು ಚೆಂಡಿಗೆ ಚುಚ್ಚಿ ಒತ್ತುವುದು, ಅಷ್ಟೇ. ಇದರಲ್ಲಿ ತಪ್ಪುವಂಥದ್ದು ಏನೂ ಇಲ್ಲ.

ಸೂಜಿ ಮೊದಲ ದಿನವೇ ಚೆಂಡಿನೊಳಗೆ ಮುರಿದಿದೆ. ಅನ್ವರನಿಗೆ ಇನ್ನೂ ಹೇಳಿಲ್ಲ.