ರಾಣಿಯ ಉಡಿಗೊಂದು ತೆಂಗಿನಕಾಯಿ

ನನಗೆ ದೊಡ್ಡ ಆಸೆಗಳಿಲ್ಲ. ಅತ್ತೆಯ ಬಾಯಿಂದ ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಕೇಳಬೇಕು, ಅಷ್ಟೆ. ಮದುವೆಯಾಗಿ ಹತ್ತು ವರ್ಷವಾದರೂ ಈಡೇರಿಲ್ಲವೆಂದ ಮೇಲೆ ಅದು ಸಣ್ಣ ಆಸೆಯೂ ಅಲ್ಲವೇನೋ. ನಾನು ಮೈಸೂರಿನವಳು, ಅವರು ಧಾರವಾಡದವರು. ನನ್ನ ಸಾರು ಅವರಿಗೆ ಸಿಹಿ, ನನ್ನ ಮಾತು ಇನ್ನೂ ಸಿಹಿ. ಎರಡನ್ನೂ ಅವರು ನಂಬುವುದಿಲ್ಲ. ಆ ಹತ್ತನೆಯ ವರ್ಷ ಲಂಡನ್ನಿನ ರೇನರ್ಸ್ ಲೇನಿನ ನಮ್ಮ ಫ್ಲ್ಯಾಟಿಗೆ ಬಂದು ಎರಡು ತಿಂಗಳಿದ್ದರು. ಲಂಡನ್ನಿನಲ್ಲಿ ತೋರಿಸಬೇಕಾದದ್ದನ್ನೆಲ್ಲ ತೋರಿಸಿದೆ. ಎಲ್ಲಕ್ಕೂ "ಹೂಂ" ಎಂದರು. ಸೌತ್‌ಹಾಲಿನ ಇಂಡಿಯನ್ ಅಂಗಡಿಯ ಮೆಂತ್ಯದ ಸೊಪ್ಪಿಗೆ ಸಿಕ್ಕ "ಹೂಂ" ಮಾತ್ರ ತುಸು ಉದ್ದವಾಗಿತ್ತು.

ಅವರು ಹೊರಡಲು ಮೂರೇ ದಿನ ಉಳಿದಾಗ ನನಗೆ ನಿಜಕ್ಕೂ ದಿಕ್ಕು ತೋಚದಾಯಿತು. ಕೊನೆಯ ಅಸ್ತ್ರವೆಂದು ಸ್ಕಾಟ್ಲೆಂಡಿಗೆ ರೈಲಿನ ಟಿಕೆಟ್ ತೆಗೆಸಿದೆ. ಬೆಳಿಗ್ಗೆ ಹೋಗಿ ಎಡಿನ್‌ಬರೋದ ಕೋಟೆಯನ್ನೂ ರಾಣಿಯ ಅರಮನೆಯನ್ನೂ ನೋಡಿಕೊಂಡು ಅದೇ ದಿನ ವಾಪಸು. ಡಾಕ್ಟರಾದ ನನ್ನ ಗಂಡನಿಗೆ ಅಂದು ಆಸ್ಪತ್ರೆಯಲ್ಲಿ ಡ್ಯೂಟಿ. "ನೀವಿಬ್ಬರೇ ಹೋಗಿ ಬರ್ರಿ, ಏನೂ ಆಗೂದಿಲ್ಲ" ಎಂದರು. ಆಪರೇಷನ್ನಿಗೆ ಮುಂಚೆ ರೋಗಿಗಳಿಗೂ ಇದನ್ನೇ ಹೇಳುತ್ತಾರೆ.

ನಾಲ್ಕೂವರೆ ಗಂಟೆ ರೈಲಿನಲ್ಲಿ ಕೂತು, ಕಡಿದಾದ ಬೀದಿ ಹತ್ತಿ, ಗಾಳಿಗೆ ಹಾರುವ ಸೆರಗು ಹಿಡಿದುಕೊಂಡು ಅತ್ತೆ ಕೋಟೆ ನೋಡಿದರು. ಬಂಡೆಯ ನೆತ್ತಿಯ ಮೇಲೆ ನಿಂತ ಕೋಟೆ ಅದು. ನನಗಂತೂ ಮೈ ಜುಮ್ಮೆಂದಿತು. "ಕಲ್ಲು ಗಟ್ಟಿ ಅವ. ಆದ್ರ ನಮ್ಮ ದೇಸಾಯರ ವಾಡೇದಾಗ ಇಷ್ಟು ಥಂಡಿ ಇರೂದಿಲ್ಲ ನೋಡು" ಎಂದರು. ಹಳೆಯ ರಾಜರ ಕಿರೀಟ ತೋರಿಸಿದೆ. "ತಿಕ್ಕಿ ಬಾಳ ದಿನಾ ಆಗ್ಯದ" ಎಂದರು. ಅಲ್ಲಿಗೆ ಕೋಟೆ ಮುಗಿಯಿತು. ಬೀದಿಯಿಳಿದು ಅರಮನೆಯ ಕಡೆ ನಡೆದೆವು. ನನ್ನಲ್ಲಿ ಆಸೆಯೇನೂ ಉಳಿದಿರಲಿಲ್ಲ.

ಅರಮನೆಯ ಬಾಗಿಲಲ್ಲಿ ಚೀಲ ತಪಾಸಣೆ. ಐವತ್ತು ದಾಟಿದಂತಿದ್ದ ಕಾವಲಿನ ಹೆಂಗಸು ಅತ್ತೆಯ ಚೀಲಕ್ಕೆ ಕೈಹಾಕಿ ಜುಟ್ಟಿದ್ದ ತೆಂಗಿನಕಾಯಿಯೊಂದನ್ನು ಮೇಲೆತ್ತಿದಳು. ಹಿಂದೆಯೇ ಕುಪ್ಪಸಕ್ಕೆಂದು ಗುಳೇದಗುಡ್ಡದ ಖಣ, ಎಲೆ ಅಡಿಕೆ, ಅರಿಸಿನ ಕುಂಕುಮದ ಭರಣಿ ಬಂದವು. ನಾನು ಅತ್ತೆಯ ಮುಖ ನೋಡಿದೆ. "ರಾಣಿ ಮುತ್ತೈದಿ ಹೌದಲ್ಲೊ? ಮುತ್ತೈದಿ ಮನೀಗೆ ಖಾಲಿ ಕೈಲೆ ಹೋಗ್ತಾರೇನು? ಉಡಿ ತುಂಬಿ ಬರೂಣು" ಎಂದರು. ರಾಣಿ ಆ ದಿನ ಲಂಡನ್ನಿನಲ್ಲಿದ್ದರು, ನಮ್ಮ ಮನೆಯಿಂದ ಟ್ಯೂಬ್ ರೈಲಿನಲ್ಲಿ ಒಂದು ಗಂಟೆಯ ದೂರದಲ್ಲಿ. ಅವರಿಂದ ನಾನೂರು ಮೈಲಿ ದೂರಕ್ಕೆ ಅತ್ತೆಯನ್ನು ಕರೆತಂದಿದ್ದೆ.

ಹಿಂದೆ ಕ್ಯೂ ಬೆಳೆಯುತ್ತಿತ್ತು. ಇದೇನೆಂದು ಕಾವಲಿನಾಕೆ ಕೇಳಿದಳು. ಉಡಿ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಸ್ವಾಮಿ? ನಾಚಿಕೆಗೆ ನಾಲಗೆ ಹೊರಳದೆ, "ಲಂಚ್" ಎಂದುಬಿಟ್ಟೆ.

ಅತ್ತೆ ಕೆಂಡವಾದರು. "ಲಂಚ? ನಾ ರಾಣಿಗೆ ಲಂಚ ಕೊಡಲಿಕ್ಕೆ ಬಂದೀನೇನು? ನಿಮ್ಮ ಮಾವನವರು ಮೂವತ್ತು ವರ್ಷ ತಹಶೀಲ್ದಾರ ಕಚೇರಿಯೊಳಗಿದ್ದು ಮಂದಿ ಕಡೆ ಒಂದು ಕಪ್ ಚಹಾ ಮುಟ್ಟಿದವರಲ್ಲ!"

ಈಗ ನನ್ನ ಪಾಡು ನೋಡಿ. ಲಂಚವಲ್ಲ, ಮಧ್ಯಾಹ್ನದ ಊಟ ಎಂದು ಬಿಡಿಸಿ ಹೇಳಿದರೆ ರಾಣಿಯ ಉಡಿಯ ಕಾಯನ್ನು ನಾವು ತಿನ್ನಲು ತಂದಿದ್ದೇವೆ ಎಂದಂತಾಯಿತು. ಹೇಳದಿದ್ದರೆ ಮಾವನವರ ಮೂವತ್ತು ವರ್ಷಕ್ಕೆ ಮಸಿ. ಕೊನೆಗೆ ಸೋತು, ಇದ್ದದ್ದನ್ನು ಇದ್ದ ಹಾಗೆ ಕಾವಲಿನಾಕೆಗೆ ಹೇಳಿದೆ: ಗಂಡನಿರುವ ಹೆಣ್ಣಿಗೆ ಕೊಡುವ ಮರ್ಯಾದೆ ಇದು, ರಾಣಿಗೆಂದು ತಂದಿದ್ದಾರೆ.

ಆಕೆ ನಗಲಿಲ್ಲ. ಒಳಗೆ ತಲುಪಿಸಲು ತನಗೆ ಅಧಿಕಾರವಿಲ್ಲ, ಕ್ಷಮಿಸಬೇಕು ಎಂದಳು. ಅತ್ತೆ ಆಕೆಯ ಬೆರಳಿನ ಉಂಗುರ ನೋಡಿದರು. "ಲಗ್ನ ಆಗ್ಯದೇನು, ಕೇಳು." ಇಪ್ಪತ್ತೆಂಟು ವರ್ಷವಾಯಿತಂತೆ. ಅಷ್ಟು ಸಾಕಾಯಿತು. ಕ್ಯೂ ನೋಡುತ್ತಿದ್ದಂತೆ ಅತ್ತೆ ಆಕೆಗೆ ಕುಂಕುಮವಿಟ್ಟು, ಸಮವಸ್ತ್ರದ ಕೋಟಿನ ಅಂಚನ್ನೇ ಸೆರಗಿನಂತೆ ಹಿಡಿಸಿ, ಕಾಯಿ, ಖಣ ಎಲ್ಲ ತುಂಬಿದರು. ಆಕೆಯ ಕಣ್ಣಲ್ಲಿ ನೀರಾಡಿತು. ಇವರು ನಿನಗೇನಾಗಬೇಕೆಂದು ಕೇಳಿದಳು. ಗಂಡನ ತಾಯಿ ಎಂದೆ. "ಯೂ ಆರ್ ಲಕ್ಕಿ, ಡಿಯರ್" ಎಂದು ನನ್ನ ಕೈ ಅದುಮಿದಳು.

"ಏನಂದಳು?" ಎಂದು ಅತ್ತೆ ಕೇಳಿದರು.

ಹತ್ತು ವರ್ಷದ ಹಸಿವು ನನ್ನದು. ಇಂಥ ಸಂದರ್ಭ ಮತ್ತೆ ಸಿಗುವುದಿಲ್ಲ. "ಇಂಥ ಒಳ್ಳೆಯ ಸೊಸೆ ಸಿಗೋಕೆ ನೀವು ಪುಣ್ಯ ಮಾಡಿರ್ಬೇಕಂತೆ, ಅತ್ತೆ" ಎಂದೆ.

ಅತ್ತೆ ಭರಣಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡರು. "ಲಕ್ಕಿ ಅಂದದ್ದು ನಿನಗವ್ವಾ. ಅಷ್ಟು ಇಂಗ್ಲೀಷು ನನಗ ಬರ್ತದ."

ಅಷ್ಟು ಬರುವವರಿಗೆ ಲಂಚ್ ಎಂಬುದೂ ಗೊತ್ತಿತ್ತೇ? ವಾಪಸು ನಾಲ್ಕೂವರೆ ಗಂಟೆ ಎದುರುಬದುರು ಕೂತಿದ್ದರೂ ಕೇಳುವ ಧೈರ್ಯ ನನಗೆ ಬರಲಿಲ್ಲ. ಅಂತೂ ನನ್ನ ಬಗ್ಗೆ ಒಂದು ಒಳ್ಳೆಯ ಮಾತನ್ನು ಅಂದು ನನ್ನ ಕಿವಿಯಾರೆ ಕೇಳಿದೆ. ಆಡಿದವಳು ನಾನೇ ಆಗಿದ್ದೆ, ಅಷ್ಟೆ.